ತಾಯಿಯ ಪಕ್ಕ ನಿಂತವಳು

ರಾತ್ರಿ ಒಂದೂವರೆಗೆ ಮುಂಬಾಗಿಲಿನ ಅಂಚೆ ಕಿಂಡಿ ಟಕ್ ಎಂದಿತು. ಆಮೇಲೆ ಯಾರೋ ಅದರ ಮುಚ್ಚಳವನ್ನು ಬೆರಳಲ್ಲಿ ಹಿಡಿದು ಸದ್ದಾಗದಂತೆ ಇಳಿಸಿದರು. ಸದ್ದಿಗಿಂತ ಆ ಎಚ್ಚರಿಕೆಯೇ ಸೆರ್ವಾಳನ್ನು ಹೆಚ್ಚು ಹೆದರಿಸಿತು.

ಲಂಡನ್ನಿನ ಟಾಟನ್‌ಹ್ಯಾಮಿನ ಆ ಮನೆಯಲ್ಲಿ ಇದ್ದವರು ಇಬ್ಬರೇ. ಮನೆಯೊಡತಿ ಡುಫಿಯೆ ಮಹಡಿಯಲ್ಲಿ ಮಲಗುತ್ತಿದ್ದಳು, ಬಾಡಿಗೆಯವಳಾದ ಸೆರ್ವಾ ಕೆಳಗಿನ ಹಿಂದಿನ ಕೋಣೆಯಲ್ಲಿ. ಸೆರ್ವಾ ಬರಿಗಾಲಲ್ಲಿ ಹೋಗಿ ಲಕೋಟೆ ಎತ್ತಿಕೊಂಡಳು. ಹೆಸರಿಲ್ಲ, ವಿಳಾಸವಿಲ್ಲ. ಒಳಗೆ ಯಾವುದೋ ಪುಸ್ತಿಕೆಯಿಂದ ಕತ್ತರಿಸಿದ ಒಂದು ಹಾಳೆ.

ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅವಳ ತಾಯಿಯ ವರ್ಷದ ಸ್ಮರಣೆಗೆಂದು ಅಣ್ಣ ತವರೂರು ಮಂಪಾಂಗಿನಲ್ಲಿ ಅಚ್ಚು ಹಾಕಿಸಿದ್ದ ಪುಸ್ತಿಕೆ ಅದು. ಚಿತ್ರದಲ್ಲಿ ತಾಯಿಯ ಶವಪೆಟ್ಟಿಗೆ, ಅದರ ಪಕ್ಕದಲ್ಲಿ ಕೆಂಪು ಕಪ್ಪು ಬಟ್ಟೆಯುಟ್ಟು, ಎರಡೂ ಕೈ ತಲೆಯ ಮೇಲಿಟ್ಟು ನಿಂತ ಸೆರ್ವಾ. ಕೆಳಗೆ ಸಂಸ್ಕಾರದ ದಿನಾಂಕ, ಸಾಲದ್ದಕ್ಕೆ ವರ್ಷ: ೨೦೧೧.

ಸೆರ್ವಾ ಅಲ್ಲಿಗೆ ಹೋಗಿರಲೇ ಇಲ್ಲ. ಹೋದರೆ ಕಾಗದಪತ್ರವಿಲ್ಲದವಳು ತಿರುಗಿ ಬರುವಂತಿರಲಿಲ್ಲ. ಹೋಗದಿದ್ದರೆ ಲಂಡನ್ನಿನ ಮಗಳು ತಾಯಿಯ ಮಣ್ಣಿಗೂ ಬರಲಿಲ್ಲ ಎಂದು ಮನೆತನದ ಮಾನ ಹೋಗುತ್ತಿತ್ತು. ಇಂಥವರಿಗಾಗಿ ಊರಿನ ಫೋಟೋದವರು ಒಂದು ದಾರಿ ಮಾಡಿಟ್ಟಿದ್ದರು. ಇಲ್ಲಿ ಬಿಳಿ ಪರದೆಯ ಮುಂದೆ ಶೋಕದ ಬಟ್ಟೆಯಲ್ಲಿ ನಿಂತು ಪಟ ತೆಗೆಸಿ ಕಳಿಸಿದರೆ, ಅಲ್ಲಿ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿಕೊಡುತ್ತಿದ್ದರು. ಸಂಸ್ಕಾರಕ್ಕೆ ನೂರಾರು ಜನ ಬಂದಿರುತ್ತಾರೆ. ಯಾರು ಬರಲಿಲ್ಲ ಎಂದು ಎಷ್ಟು ಜನರಿಗೆ ನೆನಪಿರುತ್ತದೆ? ಪಟವೊಂದು ಉಳಿಯುತ್ತದೆ.

ಶುಕ್ರವಾರ ಅವಳ ಅರ್ಜಿ ಹೋಗುವುದಿತ್ತು. ಇಪ್ಪತ್ತು ವರ್ಷ ಬಿಡದೆ ಇಲ್ಲೇ ನೆಲೆಸಿದ್ದೇನೆ, ನನ್ನ ಬಾಳೆಲ್ಲ ಇಲ್ಲೇ ಬೇರು ಬಿಟ್ಟಿದೆ ಎಂದು ತೋರಿಸಿದರೆ ಉಳಿಯಲು ಅನುಮತಿ ಸಿಗುತ್ತದೆ. "ನಡುವೆ ಬೇರೆಯವರ ಪಾಸ್‌ಪೋರ್ಟಲ್ಲಿ ಊರಿಗೆ ಹೋಗಿ ಬಂದಿದ್ರೆ ಈಗಲೇ ಹೇಳಿಬಿಡಿ, ಆಮೇಲೆ ನನ್ನ ಕೈಲಿ ಏನೂ ಆಗಲ್ಲ," ಎಂದು ವಕೀಲೆ ಮೊದಲ ದಿನವೇ ಎಚ್ಚರಿಸಿದ್ದಳು. ಈ ಹಾಳೆ ಅಧಿಕಾರಿಗಳ ಕೈಗೆ ಹೋದರೆ ಇಪ್ಪತ್ತು ವರ್ಷಗಳ ಎಣಿಕೆ ೨೦೧೧ರಲ್ಲೇ ತುಂಡಾಗುತ್ತಿತ್ತು.

ಪುಸ್ತಿಕೆಯ ಎರಡೇ ಪ್ರತಿ ಲಂಡನ್ನಿಗೆ ಬಂದಿದ್ದವು. ಒಂದು ಡುಫಿಯೆಯ ಬಳಿ, ಇನ್ನೊಂದು ಇಲ್ಲಿರುವ ಊರವರ ಮಂಪಾಂಗ್ ಸಂಘದ ಕಪಾಟಿನಲ್ಲಿ.

ಬೆಳಿಗ್ಗೆ ಡುಫಿಯೆ ಕರಿದ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ರಾತ್ರಿ ಏನೋ ಸದ್ದಾಯ್ತಲ್ಲ, ಅಕ್ಕ."

"ನನ್ನ ಮೊಣಕಾಲೇ ಇರಬೇಕು. ನಾನು ಮಗ್ಗಲು ಬದಲಾಯಿಸಿದ್ರೆ ಬೀದಿಗೆಲ್ಲ ಕೇಳ್ಸತ್ತೆ." ಡುಫಿಯೆ ಬೆರಳು ಚೀಪಿದಳು. "ವಕೀಲಮ್ಮನ ಹತ್ರ ಯಾವತ್ತು?"

ಇವಳಿಗೆ ದಿನ ಯಾಕೆ ಬೇಕು?

"ಇನ್ನೂ ಗೊತ್ತಿಲ್ಲ," ಎಂದಳು ಸೆರ್ವಾ.

ಡುಫಿಯೆ ಮಾರುಕಟ್ಟೆಗೆ ಹೊರಟು ಬಾಗಿಲು ಮುಚ್ಚಿದ್ದೇ ತಡ, ಸೆರ್ವಾ ಮಹಡಿ ಹತ್ತಿದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕರೆಯದೆ ಆ ಕೋಣೆಗೆ ಕಾಲಿಟ್ಟವಳಲ್ಲ. ಮಂಚದಡಿಯ ಪೆಟ್ಟಿಗೆಗೆ ಬೀಗವಿರಲಿಲ್ಲ. ಪುಸ್ತಿಕೆ ಮೇಲೆಯೇ ಇತ್ತು. ಪುಟ ತಿರುವಿದಳು. ಒಂದು ಹಾಳೆಯೂ ಹೋಗಿರಲಿಲ್ಲ.

ಅಲ್ಲಿಗೇ ಮುಚ್ಚಿಡಬಹುದಿತ್ತು. ಆದರೆ ಅನುಮಾನದ ಕೈ ಅಷ್ಟಕ್ಕೇ ನಿಲ್ಲದು. ಬಟ್ಟೆಗಳ ಕೆಳಗೊಂದು ಹಳೆಯ ಪಟ ಸಿಕ್ಕಿತು: ಬಿಳಿ ಪರದೆಯ ಮುಂದೆ ಕೆಂಪು ಕಪ್ಪು ಬಟ್ಟೆಯಲ್ಲಿ, ಕೈಗಳನ್ನು ತಲೆಯ ಮೇಲಿಟ್ಟು ನಿಂತ ಎಳೆಯ ಡುಫಿಯೆ. ಮೈಯ ಸುತ್ತ, ಕತ್ತರಿಸುವವರಿಗೆ ಗುರುತಾಗಲೆಂದು, ಸೀಸದಕಡ್ಡಿಯ ಗೆರೆ. ಹಿಂದೆ ಅವಳ ತಂದೆಯ ಹೆಸರು. ತಂದೆಯ ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದ್ದು ತಾನೇ ಎಂದು ಡುಫಿಯೆ ಸಂಘದವರ ಮುಂದೆಲ್ಲ ಹೇಳಿಕೊಂಡಿದ್ದಳು. ಸೆರ್ವಾ ಕೈ ಸುಟ್ಟುಕೊಂಡವಳಂತೆ ಪಟವನ್ನು ಇದ್ದಲ್ಲೇ ಇಟ್ಟು ಕೆಳಗಿಳಿದಳು.

ಉಳಿದದ್ದು ಸಂಘದ ಪ್ರತಿ. ಕಪಾಟಿನ ಕೀಲಿ ಕಾರ್ಯದರ್ಶಿ ತವಿಯಾನ ಬಳಿ. ಅವನು ಬಸ್ ಓಡಿಸುವವನು, ಊರವರಿಗೆಲ್ಲ ಮಾವ. ಸಂಘದ ಪರವಾಗಿ ಅವಳಿಗೊಂದು ಸಾಕ್ಷಿಪತ್ರ ಬರೆದುಕೊಡುವುದಾಗಿ ಹೇಳಿ ಮೂರು ಭಾನುವಾರ ಮುಂದೂಡಿದ್ದ.

ನೇರ ಸಂಘದ ಕಚೇರಿಗೆ ಹೋಗಿ ಅವನ ಮೇಜಿನ ಮೇಲೆ ಹಾಳೆ ಇಟ್ಟು ಕೇಳಿದಳು. "ಇದು ನಿಮ್ಮದಾ, ಮಾವ?"

"ಸಂಘದ್ದು. ಕತ್ತರಿಸಿದ್ದು ನಾನು."

"ಯಾರಿಗೆ ಕೊಡಬೇಕೂಂತಿದ್ರಿ?"

"ಕೊಡೋದಿದ್ರೆ ನಿನ್ನ ಬಾಗಿಲಿಗ್ಯಾಕೆ ಹಾಕ್ತಿದ್ದೆ, ಪೆದ್ದಿ? ಇವಳು ಒಂದು ದಿನಾನೂ ದೇಶ ಬಿಟ್ಟಿಲ್ಲ ಅಂತ ನಾನು ಸಹಿ ಹಾಕಬೇಕು. ನನ್ನ ಕಪಾಟಲ್ಲೇ ಇದು ಕೂತಿದೆ. ಆ ವರ್ಷ ನಾನಿನ್ನೂ ಹ್ಯಾಂಬರ್ಗಲ್ಲಿದ್ದೆ, ನನಗೇನು ಗೊತ್ತು? ಮುಖ ನೋಡಿ ಕೇಳೋಕಾಗಲಿಲ್ಲ. ಪಾಳಿ ಮುಗಿಸಿ ಬರ್ತಾ ಹಾಕಿಬಿಟ್ಟೆ, ನೀನೇ ಬಂದು ಹೇಳಲಿ ಅಂತ."

"ಹೆಸರಾದ್ರೂ ಬರೀಬಹುದಿತ್ತು."

"ಬರೆದ್ರೆ ಅದೂ ಒಂದು ಸಾಕ್ಷಿ ಆಗಿಬಿಡ್ತಿತ್ತು." ಅವನು ಕನ್ನಡಕ ಹಾಕಿಕೊಂಡ. "ಯಾರ ಪಾಸ್‌ಪೋರ್ಟಲ್ಲಿ ಹೋಗಿದ್ದೆ?"

"ಹೋಗಿರಲಿಲ್ಲ." ಈ ಮಾತನ್ನು ಅವಳು ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. "ಅಮ್ಮನ ಮಣ್ಣಿಗೆ ನಾನು ಹೋಗಲಿಲ್ಲ, ಮಾವ. ಅದು ಅಂಟಿಸಿದ್ದು."

ತವಿಯಾ ಅವಳನ್ನೂ ಪಟವನ್ನೂ ಸ್ವಲ್ಪ ಹೊತ್ತು ನೋಡಿದ. ನಂಬಿದಂತೆ ಕಾಣಲಿಲ್ಲ. ಫೋನ್ ಎತ್ತಿ ಡುಫಿಯೆಗೆ ಮಾಡಿದ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

"ಡುಫಿಯೆ, ಸೆರ್ವಾಳ ತಾಯಿಯ ಮಣ್ಣಿನ ದಿನ ಸೆರ್ವಾ ಎಲ್ಲಿದ್ಲು?"

"ಎಲ್ಲಿರ್ತಾಳೆ? ನನ್ನ ಅಡುಗೆಮನೇಲಿ," ಎಂದಿತು ಡುಫಿಯೆಯ ದನಿ, ಮಾರುಕಟ್ಟೆಯ ಗದ್ದಲದ ನಡುವಿನಿಂದ. "ಇಲ್ಲಿ ಸಭಾಂಗಣದಲ್ಲಿ ಶೋಕಕ್ಕೆ ಕೂರೋರಿಗೆ ಅಂತ ನಾಲ್ಕು ಗಂಟೆಗೇ ಎದ್ದು ಮೀನು ಕರೀತಿದ್ಲು. ಅತ್ತೂ ಅತ್ತೂ ಮೂರು ಬಾಣಲೆ ಸೀಯಿಸಿದ್ಲು. ಬೇರೆ ಹೇಳಿದೋರು ಯಾರು? ನಂಬರ್ ಕೊಡಿ."

"ಇದನ್ನ ಬರೆದು ಸಹಿ ಹಾಕ್ತೀಯಾ?"

"ಎರಡೂ ಕೈಲಿ ಹಾಕ್ತೀನಿ. ಆ ಫೋಟೋ ವಿಷಯ ತಾನೇ? ಅಂಟಿಸಿದ್ದು ಅಂತ ಕಂಡೋರಿಗೆ ಗೊತ್ತಾಗತ್ತೆ."

"ನಿನಗೆ ಹೇಗೆ ಗೊತ್ತಾಗತ್ತೆ?"

"ಕಣ್ಣಿದೆಯಲ್ಲ," ಎಂದು ಡುಫಿಯೆ ಥಟ್ಟನೆ ಫೋನ್ ಇಟ್ಟಳು.

ಸೆರ್ವಾ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಅದೇ ಬೆಳಿಗ್ಗೆ ತಾನು ತೆರೆದು ಜಾಲಾಡಿದ್ದು ಈ ಹೆಂಗಸಿನ ಪೆಟ್ಟಿಗೆಯನ್ನು.

ತವಿಯಾ ಪತ್ರ ಬರೆದ, ನಿಧಾನವಾಗಿ, ಒಂದೊಂದು ವರ್ಷಕ್ಕೂ ಹಾಜರಿ ಪುಸ್ತಕ ತಿರುವುತ್ತ. ಕೊನೆಗೆ ಸಂಘದ ಮುದ್ರೆ ಒತ್ತಿದ.

"ಫೋಟೋ ವಿಷಯ ವಕೀಲಮ್ಮನಿಗೆ ನೀನೇ ಮೊದಲು ಹೇಳು. ಊರಲ್ಲಿ ಇನ್ನೆಷ್ಟು ಪ್ರತಿ ಇವೆಯೋ. ಬೇರೆಯವರು ಹೇಳೋದಕ್ಕಿಂತ ನೀನು ಹೇಳೋದು ಮೇಲು."

"ಹೇಳ್ತೀನಿ."

"ಆದ್ರೆ ಹೀಗೆ ಅಂಟಿಸೋ ಪದ್ಧತಿ ಇದೆ ಅಂದ್ರೆ ಆ ಅಧಿಕಾರಿಗಳು ನಂಬಬೇಕಲ್ಲ. ಹೀಗೇ ಮಾಡಿಸಿದ ಇನ್ನೊಬ್ಬರು ಎದ್ದುನಿಂತು ಹೇಳಿದ್ರೆ ನಿನ್ನ ಅರ್ಜಿ ಗಟ್ಟಿಯಾಗತ್ತೆ. ಯಾರಾದ್ರೂ ಗೊತ್ತಾ ನಿನಗೆ?"

ಬಿಳಿ ಪರದೆ, ಸೀಸದಕಡ್ಡಿಯ ಗೆರೆ, ಎಲ್ಲ ಅವಳ ಕಣ್ಣ ಮುಂದಿತ್ತು. ಒಂದು ಹೆಸರು ಹೇಳಿದರೆ ಸಾಕಿತ್ತು. ತವಿಯಾ ಪೆನ್ನನ್ನು ಹಾಳೆಯ ಮೇಲೆಯೇ ಹಿಡಿದು ಕಾಯುತ್ತಿದ್ದ.

"ಯಾರೂ ಇಲ್ಲ, ಮಾವ," ಎಂದಳು.

ಅವನು ಅವಳ ಮುಖವನ್ನೇ ದಿಟ್ಟಿಸಿದ. ಅವಳು ಕಣ್ಣು ತಪ್ಪಿಸಲಿಲ್ಲ. ಪತ್ರವನ್ನು ಮಡಚಿ ಚೀಲದೊಳಗಿಟ್ಟು ಬೀದಿಗಿಳಿದಳು. ಪೆಟ್ಟಿಗೆಯಲ್ಲಿ ಕಂಡದ್ದನ್ನು ವಕೀಲೆಗೂ ಹೇಳುವುದಿಲ್ಲ, ಊರಿನ ಅಣ್ಣನಿಗೂ ಹೇಳುವುದಿಲ್ಲ, ಡುಫಿಯೆಗಂತೂ ಎಂದಿಗೂ ಇಲ್ಲ ಎಂದು ಬಸ್ಸು ಬರುವಷ್ಟರಲ್ಲಿ ನಿರ್ಧರಿಸಿಯಾಗಿತ್ತು.