ಹೆಸರಿದ್ದ ಕಾಯಿಲೆ

ದೊಡ್ಡಬಳ್ಳಾಪುರ ಸೀಮೆಯ ಮಧುರೆ ಊರಿನ ಸೊಣ್ಣಮ್ಮನಿಗೆ ಇಬ್ಬರು ಸೊಸೆಯರು. ದೊಡ್ಡವಳು ಮುನಿವೆಂಕಟಮ್ಮ, ಚಿಕ್ಕವಳು ವರಲಕ್ಷ್ಮಮ್ಮ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕವಳಿಗೆ ಚಳಿಜ್ವರ ಹಿಡಿಯಿತು. ಗಾಡಿ ಕಟ್ಟಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಅವಳ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ತೊಟ್ಟನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಮಲೇರಿಯಾ ಅಂದರು. ಒಂದು ಸೀಸೆ ತುಂಬ ಕ್ವಿನೈನ್ ಮಾತ್ರೆ ಕೊಟ್ಟರು.

ಮುನಿವೆಂಕಟಮ್ಮನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಆವತ್ತಿನಿಂದಲೇ.

ಅವಳಿಗೂ ಮೈಯಲ್ಲಿ ಸುಖವಿರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ತೋಟದಿಂದ ಮನೆಗೆ ಬರುವಷ್ಟರಲ್ಲಿ ಎದೆ ನಗಾರಿಯಂತೆ ಬಡಿದುಕೊಳ್ಳುತ್ತಿತ್ತು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಎದ್ದರೆ ಕಣ್ಣು ಕತ್ತಲೆ. ಎರಡು ವರ್ಷದಿಂದ ಇದೇ ಪಾಡು. ಅದನ್ನು ಹೇಳಿಕೊಂಡಾಗಲೆಲ್ಲ ಅತ್ತೆ, "ಮೈಗಳ್ಳತನಕ್ಕೆ ಯಾವ ಮದ್ದೈತೆ ತಾಯಿ?" ಅನ್ನುತ್ತಿದ್ದಳು. ಅದೇ ಅತ್ತೆ ಈಗ ಬೀದಿಯಲ್ಲಿ ನಿಂತು, "ನಮ್ ಚಿಕ್ ಸೊಸೆಗೆ ಮಲೇರಿಯಾ ಕಣಮ್ಮ. ರಕ್ತ ತೆಗೆದು ದುರ್ಬೀನಾಗೆ ನೋಡವ್ರೆ," ಎಂದು ಸೊಸೆಗೆ ಬಿರುದು ಬಂದವಳ ಹಾಗೆ ಹೇಳಿಕೊಳ್ಳುತ್ತಿದ್ದಳು. ಚಿಕ್ಕವಳಿಗೆ ಗಂಜಿ, ಹಾಲು, ಹಾಸಿಗೆ. ಅವಳ ಪಾಲಿನ ತೋಟದ ಕೆಲಸ ದೊಡ್ಡವಳ ತಲೆಗೆ.

ವರಲಕ್ಷ್ಮಮ್ಮ ಸುಮ್ಮನೆ ಮಾತ್ರೆ ಇಸಕೊಂಡು ಬಂದವಳಲ್ಲ. ಕಾಯಿಲೆ ಹೇಗೆ ಬರುತ್ತೆ, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಜ್ವರ ಬಿಟ್ಟರೆ ನಿಲ್ಲಿಸಬಹುದೋ, ಎಲ್ಲವನ್ನೂ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದಳು. ನೋಡಲು ಬಂದ ಹೆಂಗಸರಿಗೆ ಮಲಗಿದ್ದಲ್ಲಿಂದಲೇ ಹೇಳುತ್ತಿದ್ದಳು:

"ಜ್ವರ ಬಿಡ್ತು ಅಂತ ಮಾತ್ರೆ ಬಿಡಬಾರ್ದಂತೆ. ಪೂರ್ತಿ ನುಂಗದೇ ಇದ್ರೆ ತಿರುಗಿ ಬತ್ತದಂತೆ. ಕಿವಿ ಗುಂಯ್ ಅಂದ್ರೆ ಹೋಗಿ ಹೇಳ್ಬೇಕಂತೆ."

ಹೆಂಗಸರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಮುನಿವೆಂಕಟಮ್ಮ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಾ ಹಲ್ಲು ಕಚ್ಚುತ್ತಿದ್ದಳು. ನಿನ್ನೆ ಮೊನ್ನೆ ಬಂದವಳಿಗೆ ಕಾಯಿಲೆಯಲ್ಲೂ ಮೇಲುಗೈಯೇ? ತನ್ನ ಸುಸ್ತಿಗೆ ಒಂದು ಹೆಸರಾದರೂ ಇದ್ದಿದ್ದರೆ!

ವಾರ ಕಳೆಯುವುದರೊಳಗೆ ಚಿಕ್ಕವಳ ಮುಖಕ್ಕೆ ಕಳೆ ಬಂತು. ಎಲ್ಲಾ ಆ ಸೀಸೆಯ ಮಹಿಮೆ ಅನ್ನಿಸಿತು ದೊಡ್ಡವಳಿಗೆ. ಮಾರನೆಯ ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಗೋಡೆಯ ಗೂಡಿನಲ್ಲಿದ್ದ ಸೀಸೆಗೆ ಕೈ ಹಾಕಿದಳು. ವಿಷದಂಥ ಕಹಿ. ಆದರೂ ನುಂಗಿದಳು. ಮಧ್ಯಾಹ್ನ ಮತ್ತೆ ನುಂಗಿದಳು. ಅಷ್ಟು ಕಹಿಯಾದದ್ದು ಕೆಲಸ ಮಾಡದೇ ಇರುತ್ತದೆಯೇ ಎಂದುಕೊಂಡು ಸಂಜೆಗೆ ಇನ್ನಷ್ಟು.

ಮರುದಿನ ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಕಿವಿಯೊಳಗೆ ಜೇನುಗೂಡು ಕದಡಿದಂತಾಯಿತು. ನೆಲ ತಿರುಗಿತು. ವಾಂತಿ ಮಾಡಿಕೊಂಡು ಅಲ್ಲೇ ಕುಸಿದಳು.

"ಅಯ್ಯೋ, ಇವಳ್ಗೂ ಮಲೇರಿಯಾ ಅಂಟ್ಕೊಂತಲ್ಲಪ್ಪೋ!" ಎಂದು ಅತ್ತೆ ಬಾಯಿ ಬಡಿದುಕೊಂಡಳು. ಅಷ್ಟು ಸಂಕಟದಲ್ಲೂ ಮುನಿವೆಂಕಟಮ್ಮನಿಗೆ ಆ ಮಾತು ಹಿತವಾಗಿ ಕೇಳಿಸಿತು.

ಗಂಡ ಪಿಳ್ಳಣ್ಣ ಗಾಡಿ ಕಟ್ಟಿದ. ವರಲಕ್ಷ್ಮಮ್ಮ ಕರೆಯದೆ ಹತ್ತಿ ಕೂತು, ಓರಗಿತ್ತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಸ್ಪತ್ರೆಯಲ್ಲಿ ನಾಲ್ಕು ಜನರ ಮುಂದೆ ಮಾತಾಡುವುದಕ್ಕೇ ಬಂದಿದ್ದಾಳೆ ಅಂದುಕೊಂಡಳು ದೊಡ್ಡವಳು.

ಡಾಕ್ಟರು ಕೇಳಿದರು: "ಏನಮ್ಮ, ಚಳಿ ಬಂದು ನಡುಕ ಬಂತಾ?"

"ಬಂತು ಸ್ವಾಮಿ," ಅಂದಳು ಮುನಿವೆಂಕಟಮ್ಮ. ಬಂದಿರಲಿಲ್ಲ.

"ಮನೇಲಿ ಒಬ್ಬರಿಗೆ ಆಗಲೇ ಇದೆ. ರಕ್ತ ನೋಡೋಣ. ಅಲ್ಲೀತನಕ ಕ್ವಿನೈನ್ ಶುರು ಮಾಡಿಬಿಡಿ," ಎಂದು ಡಾಕ್ಟರು ಕಾಂಪೌಂಡರನ್ನು ಕರೆದರು.

ಆಗ ವರಲಕ್ಷ್ಮಮ್ಮ ಬಗ್ಗಿ ಮೆಲ್ಲಗೆ ಹೇಳಿದಳು: "ಅಕ್ಕ, ಏನು ನುಂಗಿದೀಯ ಅಂತ ಹೇಳ್ಬಿಡು. ಹೇಳ್ದೇ ಇದ್ರೆ ಮತ್ತೆ ಅದನ್ನೇ ಕೊಡ್ತಾರೆ."

ಮುನಿವೆಂಕಟಮ್ಮನಿಗೆ ಹೊಳೆಯಿತು: ಇವಳು ಸೀಸೆ ನೋಡಿದ್ದಾಳೆ. ಗೊತ್ತಿದ್ದೂ ಅತ್ತೆಯ ಮುಂದೆ ಬಾಯಿಬಿಟ್ಟಿಲ್ಲ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗೋಡೆಯ ಕಡೆ ಮುಖ ತಿರುಗಿಸಿ ಅಂದಳು: "ಇವಳ ಮಾತ್ರೆ ನುಂಗ್ದೆ ಸ್ವಾಮಿ. ಬೇಜಾನ್ ನುಂಗ್ದೆ. ಚಳಿ ಗಿಳಿ ಏನೂ ಬಂದಿರ್ಲಿಲ್ಲ."

ಡಾಕ್ಟರು ಬೈದರು. ಇನ್ನಷ್ಟು ನುಂಗಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಅಂದರು. ಆಮೇಲೆ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಲ್ಲಿ ಕೆಂಪಿನ ಸುಳಿವೇ ಇರಲಿಲ್ಲ.

"ಮಣ್ಣು ತಿಂತೀಯೇನಮ್ಮ?"

ಯಾರಿಗೂ ಗೊತ್ತಿರದ ಸಂಗತಿ. ಹಿತ್ತಲ ಗೋಡೆಯ ಕೆಮ್ಮಣ್ಣು ಕೆರೆದು ತಿನ್ನುತ್ತಿದ್ದಳು. ತಲೆತಗ್ಗಿಸಿ ಹೌದೆಂದಳು.

ಆವತ್ತು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ರಕ್ತದಲ್ಲಿ ಮಲೇರಿಯಾ ಕಾಣಲಿಲ್ಲ. ಬೆಳಿಗ್ಗೆ ಮಲ ಪರೀಕ್ಷೆ ಮಾಡಿದ ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಸಿಕ್ತು. ಕೊಕ್ಕೆಹುಳು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರ್ತವೆ," ಅಂದರು.

"ನಾನೂ ನೋಡ್ಲಾ ಸ್ವಾಮಿ?" ಎಂದು ವರಲಕ್ಷ್ಮಮ್ಮ ಮುಂದೆ ಬಂದಳು.

ಮುನಿವೆಂಕಟಮ್ಮ ಅವಳ ಸೆರಗು ಹಿಡಿದು ಹಿಂದಕ್ಕೆಳೆದಳು. "ಕಾಯಿಲೆ ನಂದು. ನಾನ್ ಮೊದ್ಲು ನೋಡ್ತೀನಿ."

ನೋಡಿದರೆ ಗಾಜಿನಂಥ ಸಣ್ಣ ಸಣ್ಣ ಮೊಟ್ಟೆಗಳು. ಇಷ್ಟೇ ಇಷ್ಟಿರುವ ಮೊಟ್ಟೆ ಇಡುವ ಹುಳುಗಳೇ ತನ್ನ ರಕ್ತ ಹೀರುತ್ತಿದ್ದವೇ? ಓರಗಿತ್ತಿ ಬಾಯಿ ತೆರೆಯುವ ಮುಂಚೆಯೇ ಅವಳು ಕೇಳತೊಡಗಿದಳು. ಒಳಗೆ ಹೆಂಗೆ ಬಂದ್ವು? ಜನ ಬಹಿರ್ದೆಸೆಗೆ ಹೋಗುವ ತೋಟದ ಮಣ್ಣಿನಿಂದ, ಬರಿಗಾಲಿನ ಮೂಲಕ. ಮದ್ದು ಯಾವಾಗ ತಗೋಬೇಕು? ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಹಿಂದಿನ ದಿನ ಎಣ್ಣೆ ತುಪ್ಪ ಮುಟ್ಟಬಾರದು. ಅಷ್ಟಕ್ಕೇ ಸುಸ್ತು ಹೋಗ್ತದಾ? ಇಲ್ಲ, ರಕ್ತ ತುಂಬಲು ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು. ಮಲ ಕಪ್ಪಗಾದರೆ ಹೆದರಬಾರದು.

"ಮೈಗಳ್ಳತನ ಅಲ್ಲ ತಾನೆ ಸ್ವಾಮಿ?"

"ಇಷ್ಟು ಕಡಿಮೆ ರಕ್ತದಲ್ಲಿ ನೀನು ನಿಂತಿರೋದೇ ಹೆಚ್ಚು," ಅಂದರು ಡಾಕ್ಟರು.

ಅತ್ತೆ ಇಲ್ಲಿರಬೇಕಿತ್ತು ಅನ್ನಿಸಿತು ಅವಳಿಗೆ.

ಆದರೆ ದೊಡ್ಡವಳು ನುಂಗಿ ಸೀಸೆ ಬರಿದಾದ್ದರಿಂದ ಚಿಕ್ಕವಳ ಮಾತ್ರೆ ಅರ್ಧಕ್ಕೇ ನಿಂತಿತ್ತು. ಯುದ್ಧದಿಂದಾಗಿ ಕ್ವಿನೈನ್ ಸಿಗುವುದೇ ಕಷ್ಟವಾಗಿ, ಆವತ್ತು ಆಸ್ಪತ್ರೆಯಲ್ಲಿ ಇನ್ನೊಂದು ಸೀಸೆ ತುಂಬ ಕೊಡುವಷ್ಟು ಇರಲಿಲ್ಲ. ಅವಳೇ ಹೇಳಿದ್ದಂತೆ ಜ್ವರ ತಿರುಗಿ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಮುನಿವೆಂಕಟಮ್ಮನಿಂದ ನೋಡಲಾಗಲಿಲ್ಲ. ತನ್ನ ಹುಳುವಿನ ಮದ್ದು ಮುಗಿದು ಇನ್ನೂ ಕಾಲು ನಡುಗುತ್ತಿದ್ದರೂ ಗಾಡಿಯಲ್ಲಿ ಕೂತು ಆಸ್ಪತ್ರೆಗೆ ಹೋದಳು. ನಡೆದದ್ದನ್ನು ಮುಚ್ಚಿಡದೆ ಇನ್ನೊಮ್ಮೆ ಹೇಳಿ, ಬೆಂಗಳೂರಿನಿಂದ ಹೊಸ ಮಾತ್ರೆ ಬರುವ ತನಕ ಅಲ್ಲಿಯ ಜಗುಲಿ ಬಿಟ್ಟು ಏಳಲಿಲ್ಲ. ತಂದ ಮಾತ್ರೆಯನ್ನು ಹೊತ್ತುಹೊತ್ತಿಗೆ ಊಟವಾದ ಮೇಲೆ ತಾನೇ ಕೈಗೆ ಕೊಟ್ಟು ನುಂಗಿಸಿದಳು.

ಸಂಕ್ರಾಂತಿಯ ಹೊತ್ತಿಗೆ ಚಿಕ್ಕವಳು ಎದ್ದು ಓಡಾಡಿದಳು. ದೊಡ್ಡವಳು ಮಂಕರಿ ಹೊತ್ತು, ಎಲ್ಲೂ ನಿಲ್ಲದೆ ಮನೆಗೆ ಬರುವಂತಾದಳು. ಗಂಡ ಮಾಡಿಸಿಕೊಟ್ಟ ಚಪ್ಪಲಿ ಮೆಟ್ಟಿ ತೋಟಕ್ಕಿಳಿದರೆ ಅತ್ತೆ ಗೊಣಗುತ್ತಿದ್ದಳು, ತಡೆಯುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಮಾರಕ್ಕ ಬಂದು, "ವರಲಕ್ಷ್ಮಿ, ಯಾಕೋ ಏದುಸಿರು ಕಣಮ್ಮ, ಕೈಕಾಲೇ ಬರಲ್ಲ," ಅಂದಳು.

"ಅದೆಲ್ಲಾ ಅಕ್ಕಂಗೆ ಚೆನ್ನಾಗಿ ಗೊತ್ತು, ಅಕ್ಕನ್ನೇ ಕೇಳಿ," ಎಂದು ವರಲಕ್ಷ್ಮಮ್ಮ ನಕ್ಕು ಒಳಗೆ ಹೋದಳು.

ಮುನಿವೆಂಕಟಮ್ಮನ ಹೊಟ್ಟೆಯಲ್ಲಿ ಮತ್ತೆ ಅದೇ ಉರಿ. ಇಷ್ಟು ಸಲೀಸಾಗಿ ಬಿಟ್ಟುಕೊಡುವುದಕ್ಕೆ ಇವಳಿಗೆ ಹೇಗೆ ಬರುತ್ತದೆ? ತನ್ನಿಂದ ಆಗುತ್ತಿತ್ತೇ? ಮಾರಕ್ಕನನ್ನು ಬೆಳಕಿಗೆ ತಿರುಗಿಸಿ ಕೂರಿಸಿದಳು.

"ಕಣ್ ರೆಪ್ಪೆ ತೋರ್ಸು. ಮಣ್ಣೇನಾದ್ರೂ ತಿಂತೀಯಾ? ನಾಚ್ಕೋಬೇಡ, ನಾನೂ ತಿಂತಿದ್ದೆ. ಆದ್ರೆ ಮದ್ದು ಮಾತ್ರ ನನ್ ಹತ್ರ ಕೇಳ್ಬೇಡ. ನಾಳೆ ಆಸ್ಪತ್ರೆಗೆ ಹೋಗಾನ, ಪರೀಕ್ಷೆ ಮಾಡಿಸಾನ."