ವೈರು ಬದಲಾದ ಮೇಲೆ

"ಅದನ್ನ್ಯಾಕ ಕೀಳ್ತಿ ಮಾಮ? ಹೊಸಪೇಟಿಯಾಗ ಬೈದು ಹಾಕಿ ಕಳಿಸ್ಯಾರಲ್ಲ."

ಓಬಳೇಶ ಹೆಂಡತಿ ಅಂಜಿನಕ್ಕನ ಮಾತಿಗೆ ನಕ್ಕ. ವ್ಯಾನಿನ ಸ್ಟೇರಿಂಗಿನ ಹಿಂದೆ ಕೈ ತೂರಿಸಿ ಬ್ರೇಕಿನ ಕೆಂಪು ದೀಪದ ಬಲ್ಬು ಕೀಳುತ್ತಿದ್ದ. ಬ್ರೇಕಿನ ಎಣ್ಣೆ ಇಳಿದಾಗ ಮಾತ್ರ ಹತ್ತಬೇಕಾದ ದೀಪ ಅದು. ಈ ಹೊಸ ವ್ಯಾನಿನಲ್ಲೋ, ಬಂದ ದಿನದಿಂದ ಸುಮ್ಮಸುಮ್ಮನೆ ಹತ್ತುತ್ತಿತ್ತು. ಬೇಸತ್ತ ಓಬಳೇಶ ಆಗಲೇ ಒಮ್ಮೆ ಬಲ್ಬು ಕಿತ್ತು, ಎದುರಿಗಿದ್ದ ಉಚ್ಚಂಗೆಮ್ಮ ದೇವಿಯ ಪಟದ ಹಿಂದೆ ದೀಪವಾಗಿ ಸಿಕ್ಕಿಸಿದ್ದ. ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ಹೆಂಗಸರು ಅಮ್ಮನಿಗೆ ಕೈಮುಗಿದೇ ಹತ್ತುತ್ತಿದ್ದರು.

ಹಿಂದಿನ ವಾರ ಹೊಸಪೇಟೆಯ ಶೋರೂಮಿನವನು ಬಂದು, ಇಂಥ ವ್ಯಾನುಗಳಲ್ಲೆಲ್ಲ ಬ್ರೇಕಿನ ವೈರು ಕೆಟ್ಟಿದೆ, ದೀಪ ಸುಮ್ಮನೆ ಹತ್ತುವುದು ಅದಕ್ಕೇ, ಕಂಪನಿಯೇ ವಾಪಸು ಕರೆದಿದೆ, ಪುಕ್ಕಟೆ ಸರಿಮಾಡಿಕೊಡುತ್ತೇವೆ ಎಂದಿದ್ದ. ಓಬಳೇಶ ಹೋದ. ಅವರು ವೈರು ಬದಲಿಸಿ, ಅಮ್ಮನ ಪಟದ ಹಿಂದಿನ ಬಲ್ಬನ್ನು ಅದರ ಜಾಗಕ್ಕೇ ಹಾಕಿ ಕಳಿಸಿದರು. ಈಗ ದೀಪ ತೆಪ್ಪಗಿತ್ತು. ಆದರೆ ಪಟ ಕತ್ತಲಾಗಿತ್ತು. ಅಮ್ಮನನ್ನು ಕತ್ತಲಲ್ಲಿ ಕೂರಿಸಿಕೊಂಡು ಗಾಡಿ ಹೊಡೆಯುತ್ತೀಯಾ ಎಂದು ಅಕ್ಕ ಬೊಮ್ಮಮ್ಮ ಬೆಳಿಗ್ಗೆ ಗದರಿದ್ದಳು. ಬೊಮ್ಮಮ್ಮ ಒಡಹುಟ್ಟಿದ ಅಕ್ಕನೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಆಕೆಯ ಮಾತು ಮೀರುವುದುಂಟೇ! ಅಂಥ ಪುಟ್ಟ ಬಲ್ಬು ಕೂಡ್ಲಿಗಿಯಲ್ಲಿ ಸಿಗುವುದಿಲ್ಲ.

"ವೈರು ಹೊಸಾದು ಹಾಕ್ಯಾರ," ಎಂದ ಓಬಳೇಶ. "ರೋಗ ವಾಸಿ ಆದಮ್ಯಾಲೆ ಔಷಧ ಯಾಕಬೇಕು?"

ಕಿತ್ತ ಬಲ್ಬನ್ನು ಅಮ್ಮನ ಪಟದ ಹಿಂದೆ ಮತ್ತೆ ಸಿಕ್ಕಿಸಿದ. ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ಮಲಗಿಸಿಕೊಂಡಿದ್ದ ಬೊಮ್ಮಮ್ಮ, ಪಟ ಬೆಳಗಿದ್ದು ಕಂಡು ಕೈಮುಗಿದಳು.

ಹದಿನೈದು ದಿನವೂ ಕಳೆದಿರಲಿಲ್ಲ. ಬ್ರೇಕಿನ ಪೈಪಿನಲ್ಲಿ ಎಲ್ಲಿಯೋ ಎಣ್ಣೆ ಸೋರಿಹೋಗಿತ್ತು. ಗುಡೇಕೋಟೆಯ ಗುಡ್ಡದ ಇಳಿಜಾರಿನಲ್ಲಿ ಓಬಳೇಶ ತುಳಿದ ಪೆಡಲು ನೆಲಕ್ಕೇ ಹತ್ತಿತು. ವ್ಯಾನನ್ನು ಬಂಡೆಯ ಕಡೆ ತಿರುಗಿಸಿದ. ಬೊಮ್ಮಮ್ಮನೂ ಕೂಸೂ ಅಂದು ಮನೆಯಲ್ಲಿದ್ದರು; ಹಿಂದಿದ್ದ ಪ್ರಯಾಣಿಕರ ಕೈಕಾಲು ಮುರಿದವು. ಮುಂದೆ ಬಾಗಿಲ ಪಕ್ಕ ಕೂತಿದ್ದ ಅಂಜಿನಕ್ಕ ಉಳಿಯಲಿಲ್ಲ.

ಮಣ್ಣಾದ ಮೂರನೆಯ ದಿನ ವ್ಯಾನಿನ ಮಾಲೀಕ ಶಿವಯೋಗಪ್ಪ ಅಂಗಳದಲ್ಲಿ ಕೂತು ಎಲ್ಲರಿಗೂ ಒಂದೇ ಮಾತು ಹೇಳಿದ. ವೈರು ಕೆಟ್ಟಿದೆಯೆಂದು ಕಂಪನಿಯವರೇ ಒಪ್ಪಿ ವ್ಯಾನು ಕರೆಸಿಕೊಂಡಿದ್ದರು; ಸರಿಯಾಗಿ ಮಾಡದೆ ಕಳಿಸಿದ್ದಾರೆ; ಪೊಲೀಸರಿಗೂ ಹಾಗೇ ಬರೆಸಿದ್ದೇನೆ; ಹುಡುಗನದೇನೂ ತಪ್ಪಿಲ್ಲ. ಕೂತ ಮಂದಿ ಹೌದ್ಹೌದು ಎಂದು ಕಂಪನಿಗೆ ಹಿಡಿ ಶಾಪ ಹಾಕಿದರು. ಎಚ್ಚರಿಸಬೇಕಿದ್ದ ಬಲ್ಬು ಕಿತ್ತು ಹೆಂಡತಿಯನ್ನು ಕೈಯಾರೆ ಕೊಂದವನು ತಾನೇ ಎಂದು ಓಬಳೇಶನಿಗೆ ಗೊತ್ತಿತ್ತು. ಒಮ್ಮೆ ಬಾಯಿಬಿಟ್ಟು ಹೇಳಿ, ಎಲ್ಲರೂ ಎದ್ದು ಬಡಿದರೆ ಸಾಕೆನಿಸಿತು. ಎದ್ದು ನಿಂತ.

ಒಳಗಿನಿಂದ ಬೊಮ್ಮಮ್ಮ ಕರೆದಳು. ಹೋದ. ಆಕೆ ಕದ ಮುಂದೆ ಮಾಡಿದಳು.

"ಅಕ್ಕ, ಆ ಬಲ್ಬು..."

"ನಂಗೊತ್ತು. ಕೀಳಾಗ ನಾನೂ ಅಲ್ಲೇ ಇದ್ನಿ. ಅಮ್ಮಗ ಹಾಕು ಅಂದಾಕಿನೂ ನಾನಽ."

"ಹೇಳಿಬಿಡ್ತೀನಿ."

"ಬ್ಯಾಡ. ನಿನ್ನ ಜೇಲಿಗೆ ಹಾಕಿದ್ರ ಈ ಕೂಸಿಗೆ ಯಾರದಾರ? ಯಾರ ಕೇಳಿದ್ರೂ ಕಂಪ್ನಿ ಅನ್ನು. ಸಾಯತನಕ ಅನ್ನು."

ಗಂಗಾಳದಲ್ಲಿ ಮುದ್ದೆಯಿಟ್ಟು ಅವನ ಮುಂದೆ ಸರಿಸಿದಳು. ಓಬಳೇಶ ಕೂತ. ಅಂಗಳದಲ್ಲಿ ಶಿವಯೋಗಪ್ಪ ಹೊಸದಾಗಿ ಬಂದವರಿಗೆ ಮತ್ತೆ ಮೊದಲಿನಿಂದ ಹೇಳತೊಡಗಿದ್ದ. ಬೊಮ್ಮಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಅವನ ಕಡೆ ನೋಡದೆ, ಅದರ ತಲೆಯ ಸಿಕ್ಕು ಬಿಡಿಸುತ್ತ ಕೂತಳು.