ಕೂಗದೆ ಉಳಿದ ಹೆಸರು

ದ್ರಾಕ್ಷಿರಸದ ಬಟ್ಟಲು ಹತ್ತಿರ ಬಂದಾಗ ಅಮಸಿದ್ದಪ್ಪ ಕೈ ಚಾಚಲಿಲ್ಲ. ತಲೆ ತಗ್ಗಿಸಿ, ಪಕ್ಕದವನಿಗೆ ಹೋಗಲಿ ಎಂಬಂತೆ ಸರಿದು ಕುಳಿತ. ಅವನಿಗೆ ದೀಕ್ಷಾಸ್ನಾನವಾಗಿ ಎರಡು ವರ್ಷವಾಗಿತ್ತು. ಹುನ್ನೂರಿನ ಆ ತಗಡಿನ ಪ್ರಾರ್ಥನಾಮನೆಯಲ್ಲಿ ಕರ್ತನ ಭೋಜನ ನಡೆದಾಗಲೆಲ್ಲ ಅವನದು ಇದೇ ಪಾಡು.

ಮಂದಿ ಹೋದ ಮೇಲೆ ಉಪದೇಶಿ ದಶರಥಪ್ಪ ಚಾಪೆ ಸುತ್ತುತ್ತ ಕೇಳಿದರು.

"ಯಾಕೋ, ದ್ರಾಕ್ಷಿರಸ ಹುಳಿ ಆಗೇತೇನು?"

"ಹಂಗಲ್ರಿ. ತಪ್ಪ ಮಾಡಿದಾವ ನಾನು. ಯೇಸುಸ್ವಾಮಿ ಯಾಕ ಸಾಯಬೇಕಿತ್ರಿ? ದೇವರು ಅಷ್ಟ ದೊಡ್ಡಾವ ಅಂದಮ್ಯಾಲೆ, ಹೋಗ್ಲಿ ಬಿಡು ಅಂದಿದ್ರ ಆಗತಿದ್ದಿಲ್ಲೇನು?"

ದಶರಥಪ್ಪ ಚಾಪೆಯನ್ನು ಮೂಲೆಗಿಟ್ಟರು. "ಹೋಗ್ಲಿ ಅಂದ್ರ ಎಲ್ಲಿಗೆ ಹೋಗತೈತೋ? ಮಾಡಿದ ಪಾಪ ಯಾರದೋ ಮ್ಯಾಲೆ ಬಿದ್ದಿರ್ತೈತಿ. ಅದನ್ನ ಹೊರಾವ ಒಬ್ಬ ಬೇಕಲ್ಲ."

"ನಂದು ಸಾತಪ್ಪನ ಮ್ಯಾಲೆ ಬಿದ್ದೈತ್ರಿ," ಎಂದ ಅಮಸಿದ್ದಪ್ಪ. ಆರು ವರ್ಷ ಯಾರಿಗೂ ಹೇಳದ್ದನ್ನು ಅವತ್ತು ಹೇಳಿದ.

ಅದು ನಡೆದದ್ದು ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ವರ್ಷ. ಊರ ಹೊರಗಿನ ಹೊಸ ಬಾವಿಯಲ್ಲಿ ಮದ್ದು ತುಂಬಿ ಬಂಡೆ ಒಡೆಯುತ್ತಿದ್ದರು. ಮೇಲೆ ದಂಡೆಯಲ್ಲಿ ಕೂತು ಉದ್ದನೆಯ ಬತ್ತಿಗೆ ಬೆಂಕಿ ಇಡುವವನು ಅಮಸಿದ್ದಪ್ಪ. ಕೆಳಗಿದ್ದ ಒಬ್ಬೊಬ್ಬನನ್ನೂ ಹೆಸರು ಹಿಡಿದು ಕೂಗಬೇಕು. ಅವನು ಮೇಲೆ ಹತ್ತಿ "ಬಂದೆ" ಅನ್ನುವ ತನಕ ಬೆಂಕಿ ಮುಟ್ಟಬಾರದು. ಆ ಕೆಲಸದ ಕಟ್ಟಳೆ ಅದು. ಆದರೆ ಎಂಟು ದಿನದ ಹಿಂದೆ ಒಂದು ಹಾರೆಗಾಗಿ ಸಾತಪ್ಪನ ಜೊತೆ ಜಗಳವಾಗಿ, ಇನ್ನು ಅವನ ಹೆಸರು ಬಾಯಲ್ಲಿ ತರುವುದಿಲ್ಲವೆಂದು ಅಮಸಿದ್ದಪ್ಪ ಆಣೆ ಇಟ್ಟಿದ್ದ. ಉಳಿದಿಬ್ಬರನ್ನು, ಮಲಕಾಜಪ್ಪನನ್ನೂ ಕಾಮಣ್ಣನನ್ನೂ, ಕೂಗಿದ. ಸಾತಪ್ಪ ಬಂದಿರಬಹುದು ಅಂದುಕೊಂಡ. ಬಗ್ಗಿ ನೋಡದೆ ಬತ್ತಿಗೆ ಬೆಂಕಿ ಇಟ್ಟ.

ಸಾತಪ್ಪ ಬದುಕಿದ. ಎರಡೂ ಕಣ್ಣು ಹೋದವು. ಪೊಲೀಸ್ ಫೌಜದಾರ ಬಂದಾಗ, ಹಾಸಿಗೆಯಲ್ಲಿದ್ದವನೇ ಹೇಳಿಕೆ ಕೊಟ್ಟ: "ಅವ ಕೂಗಿದ್ದ, ನಾನೇ ಮ್ಯಾಲೆ ಹತ್ತಲಿಲ್ಲ."

ಎಲ್ಲ ಕೇಳಿದ ದಶರಥಪ್ಪ ಬಟ್ಟಲನ್ನು ಒರೆಸಿ ಪಕ್ಕಕ್ಕಿಟ್ಟರು. "ಮೊದಲು ಅವನ ಕಡೆ ಹೋಗು," ಎಂದರು.

ಮರುದಿನ ಅಮಸಿದ್ದಪ್ಪ, ಸಾತಪ್ಪನಿದ್ದ ರನ್ನ ಬೆಳಗಲಿ ಊರಿಗೆ ನಡೆದ. ಸಾತಪ್ಪ ತನ್ನ ತಂಗಿ ಇಂದ್ರವ್ವನ ಮನೆಯ ಕಟ್ಟೆಯ ಮೇಲೆ, ಕಾಲ ಹೆಬ್ಬೆರಳಿಗೆ ಪುಂಡಿನಾರು ಸಿಗಿಸಿ ಹಗ್ಗ ಹೊಸೆಯುತ್ತಿದ್ದ.

"ಯಾರು?"

"ನಾನು."

ದನಿ ಗುರುತು ಹತ್ತಿತು. "ಹುನ್ನೂರಿಂದ ಇಲ್ಲಿಗೆ ಬರಾಕ ಆರು ವರ್ಷ ಹಿಡೀತೇನು? ಕುಂಟಿಕೋತ ಬಂದ್ಯಾ?"

ಅಮಸಿದ್ದಪ್ಪ ನಿಂತೇ ಎಲ್ಲವನ್ನೂ ಹೇಳಿದ. "ಫೌಜದಾರಗ ಹೋಗಿ ಹೇಳ್ತೀನಿ. ಶಿಕ್ಷಾ ಆಗಲಿ."

"ನನಗ ಗೊತ್ತಿಲ್ಲೇನು? ಮಲಕಾಜಪ್ಪಾ ಅಂದಿ, ಕೇಳ್ತು. ಕಾಮಣ್ಣಾ ಅಂದಿ, ಅದೂ ಕೇಳ್ತು. ಸಿಟ್ಟಿದ್ರೂ ಇದೊಂದಕ್ಕ ಕರೀತಾನ ಅಂತ ಬಂಡೆ ಹಿಂದ ಕಾಯ್ಕೋತ ಕುಂತಿದ್ದೆ."

"ಮತ್ತ ಅವತ್ತ ಯಾಕ ಹಂಗ ಹೇಳಿದಿ?"

"ನಿನ್ನ ಮಕ್ಕಳು ಸಣ್ಣವಿದ್ದೂ. ನನ್ನ ಕಣ್ಣಂತೂ ಹೋಗಿದ್ದೂ. ಯಾರರೆ ಹೊರಬೇಕಿತ್ತು."

"ಹಂಗಾರ ನನ್ನ ತಪ್ಪ ಹೋಗ್ಲಿ ಅಂತ ಬಿಟ್ಟುಬಿಟ್ಟಿಯೇನು?"

"ಬಿಟ್ಟಿಲ್ಲ. ಹೊತ್ತೇನಿ. ಎರಡೂ ಒಂದ ಅಲ್ಲ. ದಿನಾ ಮುಂಜಾನೆ ಎದ್ದ ಕೂಡಲೆ ಮತ್ತ ಹೊರ್ತೀನಿ."

ಅಮಸಿದ್ದಪ್ಪ ಕುಸಿದು ಅವನ ಪಾದ ಹಿಡಿಯಲು ಹೋದ.

"ಕಾಲ ಮುಟ್ಟಬ್ಯಾಡ, ಹುರಿ ಬಿಚ್ಚತೈತಿ." ಸಾತಪ್ಪನ ದನಿ ಏರಲಿಲ್ಲ. "ಆವತ್ತಿಂದು ಒಂದ ಉಳದೈತಿ. ಅದನ್ನ ಮಾಡು. ಕೂಗು."

ಇಂದ್ರವ್ವ ನೀರಿನ ತಂಬಿಗೆ ತಂದು ಅಮಸಿದ್ದಪ್ಪನ ಕೈಗೆ ಕೊಟ್ಟಳು. ಅವನು ಅಂಗಳಕ್ಕಿಳಿದು ನಿಂತ.

"ಸಾತಪ್ಪಾ," ಎಂದು ಕೂಗಿದ.

ಹಗ್ಗದ ಮೇಲೆ ಓಡುತ್ತಿದ್ದ ಕೈ ನಿಂತಿತು. ಸಾತಪ್ಪ ಮುಖವೆತ್ತಿ, ದನಿ ಬಂದ ಕಡೆಗಿಂತ ಸ್ವಲ್ಪ ಆಚೆಗೆ ತಿರುಗಿದ. ತುಟಿ ಅಲುಗಿದವು. "ಬಂದೆ" ಅನ್ನಲಿಲ್ಲ. ಕೈ ಮತ್ತೆ ನಾರನ್ನು ಹುಡುಕಿಕೊಂಡಿತು.

ಉತ್ತರ ಬರುವ ತನಕ ಕಾಯುವುದು ಕಟ್ಟಳೆ. ಅಮಸಿದ್ದಪ್ಪ ಬಿಸಿಲಲ್ಲಿ ನಿಂತೇ ಇದ್ದ, ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು.